ಮೆಟ್ರೋಗೆ ಬರೀ ಒಂದು ಕಿಲೋಮೀಟರ್

ಲಾಲ್‌ಬಾಗ್ ನೋಡಬೇಕು ಅಂತ ಅಮ್ಮ ತಿಪಟೂರಿನಿಂದ ಬಂದಿದ್ದಳು. ಅವತ್ತೇ ನನ್ನ ಸ್ಕೂಟರ್ ಪಂಕ್ಚರ್. "ಸ್ಟೇಷನ್ ಇಲ್ಲೇ ಅಲ್ವಾ, ನಡೆದೇ ಹೋಗೋಣ" ಅಂದಳು.

ಇಲ್ಲೇ ಅನ್ನೋದು ನಿಜ. ನಮ್ಮ ಮನೆ ವೈಟ್‌ಫೀಲ್ಡ್ ಕಡೆ, ಸ್ಟೇಷನ್‌ಗೆ ಒಂದು ಕಿಲೋಮೀಟರ್. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಪೂರ್ತಿ ಶುರುವಾದಾಗಿನಿಂದ ದಿನಾ ಮೆಟ್ರೋದಲ್ಲೇ ಓಡಾಡುತ್ತೇನೆ. ಆದರೆ ಸ್ಟೇಷನ್‌ವರೆಗೆ ಸ್ಕೂಟರ್. ಆ ದಾರಿಯಲ್ಲಿ ಒಂದು ದಿನವೂ ನಡೆದವನಲ್ಲ.

ಗಲ್ಲಿ ದಾಟುವಷ್ಟರಲ್ಲಿ ಫೀಡರ್ ಬಸ್ ಕಣ್ಣೆದುರೇ ಹೋಯಿತು. ಅಮ್ಮ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದೇ ನಿಂತಿದ್ದಳು. ಆಟೋ ಕೇಳಿದೆ. ಮೀಟರ್ ಪ್ರಕಾರ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ. "ಎಂಬತ್ತು ಕೊಡಿ ಸಾರ್, ಬರ್ತಾ ಖಾಲಿ ಬರಬೇಕು" ಅಂದ. ತಿರುಗಿ ನೋಡಿದರೆ ಅಮ್ಮ ಆಗಲೇ ಹತ್ತು ಹೆಜ್ಜೆ ಮುಂದಿದ್ದಳು.

ಫುಟ್‌ಪಾತ್ ಇತ್ತು, ಇಲ್ಲ ಅನ್ನೋಕಾಗಲ್ಲ. ಇಪ್ಪತ್ತು ಹೆಜ್ಜೆಗೆ ಒಂದು ಟ್ರಾನ್ಸ್‌ಫಾರ್ಮರ್. ಕೆಳಗಿಳಿದು, ಬೈಕುಗಳ ಪಕ್ಕ ಸರಿದು, ಮತ್ತೆ ಹತ್ತಬೇಕು. ಆ ಅಂಚೋ, ಅಮ್ಮನ ಮಂಡಿಯಷ್ಟು ಎತ್ತರ. ಮಂಡಿನೋವಿನವಳು ನಾಲ್ಕು ಸಲ ಹತ್ತಿ ಇಳಿದಳು. ಐದನೇ ಸಲಕ್ಕೆ ಚರಂಡಿಯ ಚಪ್ಪಡಿ ಗಡಗಡ ಅಂದಿತು. ಆಮೇಲೆ ಅವಳು ರಸ್ತೆ ಬಿಟ್ಟು ಮೇಲೆ ಬರಲೇ ಇಲ್ಲ. ಹಿಂದಿನಿಂದ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು.

ಕೊನೆಗೂ ಸ್ಟೇಷನ್ ಕಂಡಿತು, ರಸ್ತೆಯ ಆ ಕಡೆ. ನಡುವೆ ಉದ್ದಕ್ಕೂ ಕಬ್ಬಿಣದ ಬೇಲಿ. ದಾಟಬೇಕೆಂದರೆ ಸಿಗ್ನಲ್‌ವರೆಗೆ ಹೋಗಿ ಅಷ್ಟೇ ದೂರ ವಾಪಸ್ ಬರಬೇಕು.

"ದನ ನುಗ್ಗದ ಹಾಗೆ ಕಟ್ಟಿದ್ದಾರಾ?"

ಮನೆಯಿಂದ ಸ್ಟೇಷನ್‌ಗೆ 35 ನಿಮಿಷ ಹಿಡಿದಿತ್ತು!

ನಾವು ಹತ್ತಿದ್ದು ಕೊನೆ ಬೋಗಿ. ಒಬ್ಬ ಹುಡುಗ ಮಡಚಿದ ಸೈಕಲ್ ಕಾಲ ಬಳಿ ಇಟ್ಟುಕೊಂಡಿದ್ದ. ಮಡಚುವಂಥದ್ದಾದರೆ, 15 ಕೆಜಿ ಮೀರದಿದ್ದರೆ ಒಳಗೆ ತರಬಹುದು ಅಂತ ಅಮ್ಮನಿಗೆ ಹೇಳಿದೆ. "ನಿಮ್ಮಪ್ಪನ ಸೈಕಲ್ ಮಡಚೋಕೆ ಹೋದ್ರೆ ನಾವೇ ಮಡಚ್ಕೋಬೇಕು" ಅಂದಳು. ಹುಡುಗನೂ ನಕ್ಕ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್‌ನಲ್ಲಿ ಇಳಿದೆವು. ಅಲ್ಲಿ ಪಶ್ಚಿಮ ಗೇಟ್ ಹತ್ತಿರವೇ. ಒಳಗೆ ಎರಡು ಗಂಟೆ ಸುತ್ತಿದಳು. ಮಂಡಿಯ ಮಾತೇ ಇಲ್ಲ.

ವಾಪಸ್ ಬಂದಾಗ ಸ್ಟೇಷನ್ ಕೆಳಗೆ ಫೀಡರ್ ಬಸ್ ನಿಂತಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದ್ದೇ ಓಡಿದ್ದು. ನಾನು ಹತ್ತುವಷ್ಟರಲ್ಲಿ ಶೂನ್ಯ ಟಿಕೆಟ್ ಹಿಡಿದು ಕಿಟಕಿ ಪಕ್ಕ ಕೂತಿದ್ದಳು.

"ನೀನು ದುಡ್ಡು ಕೊಟ್ಟು ತಗೋ" ಅಂದಳು.