ಝಂಡಾ ಹಾರಿಸಿ ಗಗನ ಮಹಲಿಗೆ

ವಿಜಯಪುರ, ಆಗಸ್ಟ್ 15, 2024, ಗುರುವಾರ

ಮುಂಜಾನೆ ಮಗಳ ಸಾಲ್ಯಾಗ ಝಂಡಾ ಹಾರಿಸಿ ಭಾಷಣಾ ಎಲ್ಲಾ ಮುಗಿಯೂದ್ರಾಗ ಒಂಬತ್ತೂವರಿ ಆತು, ಹುಡುಗೂರ ಮಾರಿ ಅರಳಿದ್ದು ಬೂಂದಿ ಪಾಕೀಟ ಕೈಗೆ ಬಂದಮ್ಯಾಲೆ. ಕಾಕಾನ ಮಗ ಬಂದಾನ, ಬೆಂಗಳೂರಾಗ ಹುಟ್ಟಿ ಬೆಳದಾಂವ, ಸಿವಿಲ್ ಇಂಜಿನಿಯರ್. "ಅಣ್ಣಾ, ನಿಮ್ಮೂರಲ್ಲಿ ಗೋಳಗುಮ್ಮಟ ಬಿಟ್ರೆ ಇನ್ನೇನಿದೆ?" ಅಂದ. ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿ ಆಗಿದ್ದ ಊರಿಗೆ ಹಿಂಗ ಕೇಳಿದ್ರ ಸಿಟ್ಟ ಬರೂದಿಲ್ಲೇನ್ರಿ? ನಡಿ ತಮ್ಮಾ ತೋರಸ್ತೀನಿ ಅಂದೆ.

ಆದ್ರೂ ಮೊದಲ ಗೋಳಗುಮ್ಮಟಕ್ಕ ಹೋಗಬೇಕಾತು, ಮಗಳ ಹಟ. ಸೂಟಿ ದಿನ ಅಲ್ಲಿ ಗದ್ಲ ಕೇಳಬ್ಯಾಡ್ರಿ. ಮಿನಾರದಾಗಿನ ಸಣ್ಣ ಪಾವಟಿಗಿ ಹತ್ತಿ ಏಳನೇ ಅಂತಸ್ತಿಗೆ ಹೋಗೂದ್ರಾಗ ಮೊಣಕಾಲ ಹಿಡಕೊಂಡು, ಇಳಿಯೋರಿಗೆ ಗ್ವಾಡಿಗೆ ಆತು ನಿಂತು ದಾರಿ ಬಿಟ್ಟು ಸಾಕಾತು. ಪಿಸುಗುಟ್ಟಿದ್ರ ಆಚೆ ಕಡೆ ಕೇಳೂ ಜಾಗಾ ಅದು, ಇವತ್ತ ಯಾರ ಪಿಸುಗುಡ್ತಾರ? ಯಾವದೋ ಸಾಲಿ ಹುಡುಗೂರು "ಭಾರತ್ ಮಾತಾ ಕೀ" ಅಂತ ಒದರಿದ್ರು, "ಜೈ" ಅನ್ನೂದ್ರಾಗ ಮೊದಲಿಂದ ತಿರುಗಿ ಬಂದು ಎರಡೂ ಕಲತು ಏನೂ ತಿಳೀದಂಗಾತು, ಅವರನ್ನ ಸುಮ್ನಾಗಸಾಕ ವಾಚಮನ್ ಸೀಟಿ ಊದಿದ್ರ ಆ ಸೀಟೀನೂ ಏಳ ಸಲ ತಿರುಗಿ ಬಂತು! ತಮ್ಮ ಮಾತ್ರ ಬಾಯಿ ಮುಚ್ಚಿ ಮ್ಯಾಲೆ ನೋಡಕೋತ ನಿಂತಿದ್ದ. ಒಳಗ 38 ಮೀಟರ್ ಹತ್ತಿರ ಅಗಲ, ನಡುವ ಒಂದ ಕಂಬ ಇಲ್ಲ, ಒಂದಕ್ಕೊಂದು ಹಾಯ್ದು ಹೋಗೂ ಎಂಟ ಕಮಾನಿನ ಮ್ಯಾಲೆ ಇಡೀ ಗುಮ್ಮಟ ಕುಂತೈತಿ. 1656ರಾಗ, ಸಿಮೆಂಟ್ ಇಲ್ಲ ಕಬ್ಬಿಣ ಇಲ್ಲ.

ಮುಂದ ಮಲಿಕ್-ಎ-ಮೈದಾನ್ ತೋಪು. 55 ಟನ್, 1549ರಾಗ ಅಹ್ಮದನಗರದಾಗ ಎರಕ ಹೊಯ್ದದ್ದು. ಅದರ ಬಾಯಿ ಸಿಂಹದ್ದು, ಹಲ್ಲಿನ ಸಂದಿಯೊಳಗ ಆನಿ ಸಿಕ್ಕೊಂಡೈತಿ, ಮಗಳು ಬೊಟ್ಟಿಟ್ಟು ತೋರಿಸಿದ ಮ್ಯಾಲೆ ನಮಗ ಕಂಡಿದ್ದು. 1854ರಾಗ ಬ್ರಿಟಿಷರು ಇದನ್ನ ಹರಾಜಿಗೆ ಇಟ್ಟಾಗ 150 ರೂಪಾಯಿಗೆ ಕೂಗಿದ್ರಂತ, ಪುಣ್ಯಾಕ ಮಾರಾಟ ರದ್ದಾತು. ನಮ್ಮ ನಾಷ್ಟಾ ಬಿಲ್ ಅದಕ್ಕಿಂತ ಜಾಸ್ತಿ ಆಗಿತ್ತು.

ನನಗ ಇವತ್ತ ತೋರಿಸಬೇಕಾಗಿದ್ದು ಗಗನ ಮಹಲ್. ಗೋಳಗುಮ್ಮಟದಾಗ ಕಾಲಿಡಾಕ ಜಾಗಾ ಇಲ್ಲ, ಇಲ್ಲಿ ನೋಡಿದ್ರ ಹುಲ್ಲಿನಾಗ ಕುಂತ ಎರಡ ಮುದುಕ್ರು, ಕ್ರಿಕೆಟ್ ಆಡೂ ನಾಕ ಹುಡುಗೂರು, ಮುಗೀತು. 1561ರ ಸುಮಾರು ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ್ದು, ಕೆಳಗ ದರ್ಬಾರು, ಮ್ಯಾಲೆ ಅರಮನಿ ಇತ್ತು, ಮ್ಯಾಲಿಂದೆಲ್ಲಾ ಬಿದ್ದು ಈಗ ಉಳಿದದ್ದು ಆ ದೊಡ್ಡ ಕಮಾನ. ನಾಕ ವರ್ಷದ ಕೂಸಿದ್ದಾಗ ಪಟ್ಟಕ್ಕ ಕುಂತ ಕಡೀ ಆದಿಲ್ ಶಾಹ ಸಿಕಂದರ್, 1686ರಾಗ ಹದಿನೆಂಟರ ಹುಡುಗ, ಅವನ್ನ ಇಲ್ಲೇ ಬೆಳ್ಳಿ ಸರಪಳಿ ಹಾಕಿ ಔರಂಗಜೇಬನ ಮುಂದ ತಂದು ನಿಲ್ಲಿಸಿದ್ರು ಅಂತ ಹೇಳ್ತಾರ, ಅಲ್ಲಿಗೆ ಈ ರಾಜಧಾನಿ ಕತಿ ಮುಗೀತು. ಸ್ವಾತಂತ್ರ್ಯದ ದಿನ ಈ ಊರಾಗ ಒಂದ ಜಾಗಾ ನೋಡಬೇಕಂದ್ರ ನಾನಂತೂ ಇದನ್ನ ಹೇಳ್ತೀನಿ.

"ಅಪ್ಪಾ, ಬೆಳ್ಳೀದ್ಯಾಕ? ಕಬ್ಬಿಣದ್ದು ಇರಲಿಲ್ಲೇನು?" ಅಂದ್ಲು ಮಗಳು.

"ರಾಜ ಅಲ್ವಾ ಪುಟ್ಟಿ, ಮರ್ಯಾದೆ ಕೊಟ್ರು" ಅಂದ ತಮ್ಮ.

"ಕಟ್ಟಿ ಹಾಕಿ ಎಂಥಾ ಮರ್ಯಾದಿ ಕಾಕಾ?"

ಅವಂಗ ಉತ್ತರ ಹೊಳೀಲಿಲ್ಲ, ನನಗೂ ಇಲ್ಲ, ಅಷ್ಟೊತ್ತಿಗೆ ಬಾಲ್ ನಮ್ಮ ಕಡೆ ಬಂತು, ತಮ್ಮ ಎತ್ತಿ ಒಗದು ಆಮ್ಯಾಲೆ ಒಂದ ಓವರ್ ಬಾಲಿಂಗೂ ಮಾಡಿದ.

ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ ಇಬ್ರಾಹಿಂ ರೋಜಾ ನೋಡೂದು ಉಳೀತು. ನಾಳೆ ಮುಂಜಾನೆ ಹೋಗೂಣು ಅಂತಾನ, ಆದ್ರ ನಾಳೆ ಶ್ರಾವಣ ಶುಕ್ರವಾರ, ಮನ್ಯಾಗ ಹೋಳಿಗಿ ಐತಿ, ಹೂವು ಬಾಳಿಎಲಿ ತರೂ ಕೆಲಸ ನಂದ, ನೋಡಬೇಕು.