ಅಡಿಸ್ ಅಬಾಬಾದ ಗಾಳಿಗೆ ಬೈಕಂಪಾಡಿಯ ಲೆಕ್ಕ

ಇಲ್ಲಿಗೆ ಬಂದ ಮೊದಲ ವಾರ ಕುಚ್ಚಲಕ್ಕಿ ಬೇಯಲಿಲ್ಲ. ಊರಿಂದ ಐದು ಕಿಲೋ ಹೊತ್ತು ತಂದಿದ್ದೆ, ಪಾತ್ರೆಯಲ್ಲಿಟ್ಟು ಎರಡು ಗಂಟೆ ಕುದಿಸಿದರೂ ಒಳಗೆ ಗಟ್ಟಿಯೇ. ಅಡಿಸ್ ಅಬಾಬಾ ಇರುವುದು ಸುಮಾರು 2,350 ಮೀಟರ್ ಎತ್ತರದಲ್ಲಿ, ನಮ್ಮ ಕುದುರೆಮುಖದ ತುದಿಗಿಂತಲೂ ಮೇಲೆ. ನೀರು 92 ಡಿಗ್ರಿಗೇ ಕುದಿಯುತ್ತದೆ. ಸರಿ, ಕುಕ್ಕರ್ ತಗೊಂಡೆ. ಆದರೆ ಅಡುಗೆಮನೆಯಲ್ಲಿ ಕಂಡದ್ದು ಫ್ಯಾಕ್ಟರಿಯಲ್ಲಿ ತಲೆಗೆ ಹೋಗಲಿಲ್ಲ ನೋಡಿ.

ನನ್ನ ಕೆಲಸ ಪ್ಯಾಕಿಂಗ್ ಮೆಷಿನ್‌ಗಳ ಮೇಂಟೆನೆನ್ಸ್. ಎಲ್ಲವೂ ಗಾಳಿಯಿಂದಲೇ ನಡೆಯುವಂಥವು. ಗಾಳಿ ಎಳೆದು ಒತ್ತಿ ತುಂಬುವ ಹೊಸ ಸ್ಕ್ರೂ ಕಂಪ್ರೆಸರ್ ಬೇಕು ಅಂದಾಗ ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯಲ್ಲಿ ಕಲಿತ ಹಾಗೇ ಲೆಕ್ಕ ಹಾಕಿದೆ. ಮೆಷಿನ್‌ಗಳಿಗೆ 100 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಬೇಕು, ಶೇಕಡಾ 20 ಜಾಸ್ತಿ ಇರಲಿ, 120ರದ್ದು ತರಿಸಿ ಅಂದೆ. ಬಂತು. ಎರಡು ಮೆಷಿನ್ ಓಡುವಾಗ ಒತ್ತಡ ತೋರಿಸುವ ಗೇಜ್ 7 ಬಾರ್‌ನಲ್ಲಿ ಗಟ್ಟಿ ನಿಂತಿರುತ್ತಿತ್ತು, ಎಲ್ಲವೂ ಒಟ್ಟಿಗೆ ಓಡಿದರೆ ಮೆಲ್ಲಮೆಲ್ಲ ಇಳಿದು 5ಕ್ಕೆ ಬರುತ್ತಿತ್ತು.

ಸೋಪಿನ ನೀರು ಹಿಡಿದು ಒಂದು ವಾರ ಲೀಕ್ ಹುಡುಕಿದೆ. ಎರಡು ಸಣ್ಣವು ಸಿಕ್ಕವು, ಮುಚ್ಚಿದೆ, ಏನೂ ಪ್ರಯೋಜನ ಆಗಲಿಲ್ಲ. ಮೆಷಿನ್ ಮೂರನೇ ಮಾಳಿಗೆಯಲ್ಲಿದೆಯಲ್ಲ, ಗಾಳಿ ಮೇಲೆ ಹತ್ತುವಾಗ ಸೋಲುತ್ತದೆ ಅಂತ ಮ್ಯಾನೇಜರ್ ವಾದ. ನೀರಾದರೆ ಹೌದು. ಗಾಳಿಗೆ ತೂಕ ಎಷ್ಟು ಮಹಾ? 7 ಬಾರ್ ಗಾಳಿ ಪೈಪಿನಲ್ಲಿ 10 ಮೀಟರ್ ಹತ್ತಿದರೆ ಹೋಗುವುದು 0.01 ಬಾರ್ ಕೂಡ ಅಲ್ಲ.

ಕೊನೆಗೆ ಬೈಕಂಪಾಡಿಯ ಹಳೇ ಸೂಪರ್‌ವೈಸರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಅಂದದ್ದು ಇಷ್ಟೇ: "ಅಲ್ಲ ಮಾರಾಯ, ನಿನ್ನ ಕಂಪ್ರೆಸರಿಗೆ ಎಳೆಯಲಿಕ್ಕೆ ಅಲ್ಲಿ ಗಾಳಿ ಎಷ್ಟುಂಟು?"

ಆಗ ಲೆಕ್ಕ ಬಿಚ್ಚಿಕೊಂಡಿತು. ಗೇಜ್ ಹೊರಗಿನ ಗಾಳಿಯನ್ನೇ ಸೊನ್ನೆ ಅಂತ ಹಿಡಿಯುತ್ತದೆ. ಮಂಗಳೂರಿನ ಪಣಂಬೂರು ಕಡಲ ಬದಿಯಲ್ಲಿ ಆ ಸೊನ್ನೆ ಅಂದರೆ 1.01 ಬಾರ್, ಇಲ್ಲಿ ಬರೀ 0.76. ಗೇಜ್ 7 ತೋರಿಸುವಾಗ ಟ್ಯಾಂಕಿನೊಳಗೆ ನಿಜವಾಗಿ ಇರುವುದು ಅಲ್ಲಿ 8.01, ಇಲ್ಲಿ 7.76. ದೊಡ್ಡ ವ್ಯತ್ಯಾಸ ಏನಲ್ಲ ಅಲ್ವಾ? ಆದರೆ ಅಷ್ಟು ತುಂಬಿಸಲು ಒಂದು ಲೀಟರ್ ಜಾಗಕ್ಕೆ ಮಂಗಳೂರಿನಲ್ಲಿ ಹೊರಗಿನ 7.9 ಲೀಟರ್ ಗಾಳಿ ಒತ್ತಿದರೆ ಸಾಕು, ಇಲ್ಲಿ 10.2 ಲೀಟರ್ ಬೇಕು. ಕಂಪ್ರೆಸರ್ ಪಾಪ ನಿಮಿಷಕ್ಕೆ ಅಷ್ಟೇ ಲೀಟರ್ ಎಳೆಯುತ್ತದೆ, ಎಳೆದದ್ದರಲ್ಲಿ ಸತ್ವ ಕಾಲುಭಾಗ ಕಡಿಮೆ. ಅಂದರೆ 100ರ ಕೆಲಸಕ್ಕೆ ಇಲ್ಲಿ, 10.2ನ್ನು 7.9ರಿಂದ ಭಾಗಿಸಿದ ಲೆಕ್ಕದಲ್ಲಿ, 129 ಬೇಕಿತ್ತು. ನಾನು ತರಿಸಿದ್ದು 120.

ಒಂದು ಸಮಾಧಾನ, ಮೆಷಿನ್ ಒಳಗೆ ಗಾಳಿಯಿಂದ ತಳ್ಳುವ ಸಿಲಿಂಡರಿನ ಬಲ ಕಡಿಮೆಯಾಗುವುದಿಲ್ಲ. ಗೇಜ್ 7 ಇದ್ದರೆ ಇಲ್ಲಿಯೂ ಅಷ್ಟೇ ತಳ್ಳುತ್ತದೆ, ಯಾಕೆಂದರೆ ಎದುರಿನಿಂದ ಒತ್ತುವ ಹೊರಗಾಳಿಯೂ ತೆಳು. ತೊಂದರೆ ಇರುವುದು ಆ 7ನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ. ಅದರ ಮೇಲೆ ಬಿಸಿ. ಗಾಳಿಯನ್ನು ಹೆಚ್ಚು ಪಟ್ಟು ಒತ್ತಿದಷ್ಟೂ ಅದು ಕಾಯುತ್ತದೆ, ತಣಿಸಬೇಕಾದ ಫ್ಯಾನಿನ ಗಾಳಿಯೇ ತೆಳುವಾದರೆ ಕೂಲರ್ ಏನು ಮಾಡೀತು? ಸಾಮಾನ್ಯ ಮೋಟಾರುಗಳ ಮೇಲೆ ಬರೆದ ಶಕ್ತಿ (ರೇಟಿಂಗ್) ಕೂಡ 1,000 ಮೀಟರ್ ಎತ್ತರದವರೆಗೆ ಮಾತ್ರ. ಇದು ಎಲ್ಲೋ ಓದಿದ್ದೆ, ಶಿರಾಡಿ ಘಾಟಿ ಹತ್ತಿದರೂ ಅಷ್ಟು ಎತ್ತರ ಆಗುವುದಿಲ್ಲ ಅಂತ ಸುಮ್ನೆ ಬಿಟ್ಟಿದ್ದೆ.

ಹಳೇ ಸಣ್ಣ ಕಂಪ್ರೆಸರ್ ಒಂದು ಮೂಲೆಯಲ್ಲಿ ಬಿದ್ದಿತ್ತು, ಅದನ್ನು ರಿಪೇರಿ ಮಾಡಿ ಜೋಡಿಸಿದೆ. ಈಗ ಗೇಜ್ ಇಳಿಯುವುದಿಲ್ಲ. ಮ್ಯಾನೇಜರಿಗೆ ಪೂರ್ತಿ ಕತೆ ಹೇಳಲಿಲ್ಲ, ನೀವೂ ಹೇಳಬೇಡಿ. ನೈರೋಬಿಗೋ ಜೋಹಾನ್ಸ್‌ಬರ್ಗಿಗೋ ಹೋಗುವ ನಮ್ಮವರು ಇದ್ದರೆ, ಕೊಟೇಶನ್ ಕೇಳುವ ಮೊದಲ ಸಾಲಿನಲ್ಲೇ ಊರಿನ ಎತ್ತರ ಬರೆಯಿರಿ. ಇಲ್ಲಿಗೇ ಬರುವವರು ಇದ್ದರೆ ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್ ಎರಡು ಹಿಡಿದುಕೊಂಡು ಬನ್ನಿ, ನನ್ನದು ಲೀಕ್ ಆಗುತ್ತಿದೆ.