ಮುತ್ತಿಗೆ ಬಿದ್ದ ಊರಲ್ಲಿ ಹೊಲ ಕೊಂಡವನು

ಕ್ರಯಪತ್ರ ಬರೆಯುವುದು ನನ್ನ ಕಸುಬು. ಅದಕ್ಕೇ ಇರಬೇಕು, ಸತ್ಯವೇದದಲ್ಲಿ (ಬೈಬಲಿನಲ್ಲಿ) ನಿಮಗೆ ಇಷ್ಟವಾದ ಅಧ್ಯಾಯ ಯಾವುದು ಅಂತ ಯಾರಾದರೂ ಕೇಳಿದರೆ ಯೆರೆಮೀಯ 32 ಅನ್ನುತ್ತೇನೆ. ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. 23ನೇ ಕೀರ್ತನೆ ಅನ್ನುತ್ತೇನೆ ಅಂತ ಕಾಯುತ್ತಿರುತ್ತಾರೆ.

ಆ ಅಧ್ಯಾಯದಲ್ಲಿ ಇರುವುದು ಒಂದು ಜಮೀನು ವ್ಯವಹಾರ. ಯೆಹೂದದ ಅರಸ ಚಿದ್ಕೀಯನ ಆಳ್ವಿಕೆಯ 10ನೇ ವರ್ಷ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ. ಊರು ಶತ್ರುಗಳ ಕೈಗೆ ಬೀಳುತ್ತದೆ ಎಂದು ಸಾರಿದ್ದಕ್ಕೆ ಪ್ರವಾದಿ ಯೆರೆಮೀಯನನ್ನು ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾರೆ. ಅಲ್ಲಿಗೆ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ, ಹತ್ತಿರದ ಸಂಬಂಧಿಯಾಗಿ ಅದನ್ನು ಬಿಡಿಸಿಕೊಳ್ಳುವ ಹಕ್ಕು ನಿನ್ನದೇ ಅನ್ನುತ್ತಾನೆ. ಅನಾತೋತ್ ಇರುವುದು ಯೆರೂಸಲೇಮಿನ ಪಕ್ಕದಲ್ಲೇ. ಇಂಥ ಹೊಲಕ್ಕೆ ಪತ್ರ ಮಾಡಿಸಲು ನನ್ನ ಹತ್ತಿರ ಯಾರಾದರೂ ಬಂದರೆ, ಮನೆಗೆ ಹೋಗಿ ಇನ್ನೊಂದು ಸಲ ಯೋಚನೆ ಮಾಡಿ ಅಂತ ವಾಪಸ್ ಕಳಿಸುತ್ತೇನೆ.

ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟ. ಪತ್ರಕ್ಕೆ ಸಹಿ ಹಾಕಿದ, ಮುದ್ರೆ ಒತ್ತಿದ, ಸಾಕ್ಷಿ ಹಾಕಿಸಿದ. ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪತ್ರ ಒಂದು. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ಕಾಲ ಉಳಿಯುವ ಹಾಗೆ ಮಣ್ಣಿನ ಪಾತ್ರೆಯಲ್ಲಿ ಇಡು ಅಂದ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಮತ್ತೆ ಕೊಳ್ಳುತ್ತಾರೆ ಅಂತ ದೇವರು ಹೇಳಿದ್ದನಲ್ಲ, ಅದಕ್ಕೆ.

ನನಗೆ ಹಿಡಿಸುವುದು ಇದಾದ ಮೇಲಿನ ಭಾಗ. ಪತ್ರ ಕೊಟ್ಟಾದ ಮೇಲೆ ಅವನು ಪ್ರಾರ್ಥನೆಗೆ ನಿಲ್ಲುತ್ತಾನೆ. ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಅಂತ ಶುರುಮಾಡುತ್ತಾನೆ. ಕೊನೆಗೆ ಬರುವಾಗ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ: ಶತ್ರುಗಳ ದಿಬ್ಬಗಳು ಗೋಡೆಯ ತನಕ ಬಂದಿವೆ, ಊರು ಅವರ ಪಾಲಾಗುತ್ತಿದೆ, ಆದರೂ ನೀನು ಹೊಲ ಕೊಂಡುಕೋ ಅಂದೆಯಲ್ಲ! ಅಂದರೆ ತಲೆಬಿಸಿ ಇನ್ನೂ ಇಳಿದಿರಲಿಲ್ಲ. ಆದರೆ ಬೆಳ್ಳಿ ಆಗಲೇ ಕೈಬಿಟ್ಟು ಹೋಗಿತ್ತು.

ನಂಬಿಕೆ ಗಟ್ಟಿಯಾದ ಮೇಲೆ ಹೆಜ್ಜೆ ಇಡೋಣ ಅಂತ ನಾವು ಅಂದುಕೊಳ್ಳುತ್ತೇವೆ. ಅನುಮಾನವೆಲ್ಲ ಹೋಗಲಿ, ಮನಸ್ಸಿಗೆ ಸಮಾಧಾನ ಸಿಗಲಿ, ಆಮೇಲೆ ನೋಡೋಣ ಅಂತ. ಸತ್ಯವೇದದಲ್ಲಿ ಹಾಗೆ ಕಾದು ಕೂತವರು ಕಡಿಮೆ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಯೇಸು ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂದಾಗ ಅವರ ಮೈ ಇನ್ನೂ ವಾಸಿಯಾಗಿರಲಿಲ್ಲ. ಹೋಗುತ್ತಾ ಇರುವಾಗ ವಾಸಿಯಾಯಿತು. ಯೋಹಾನ 4ರ ಅಧಿಕಾರಿಯೂ ಹಾಗೆಯೇ. ಮಗ ಸಾಯುವ ಸ್ಥಿತಿಯಲ್ಲಿದ್ದಾನೆ, ಅಪ್ಪ ಕಾನಾದಿಂದ ಕಪೆರ್ನೌಮಿಗೆ ಯೇಸು ಹೇಳಿದ ಬರೀ ಒಂದು ಮಾತು ಹಿಡಿದುಕೊಂಡು ಹೊರಟ. ಆ ದಾರಿಯಲ್ಲಿ ಅವನ ಎದೆ ಹೇಗೆ ಹೊಡೆದುಕೊಂಡಿರಬಹುದು ಅಂತ ಯೋಚಿಸುತ್ತೇನೆ.

ಈಗ ನನ್ನ ವಿಷಯ. ಕಳ್ಳತನದ ಕೇಸಿನಲ್ಲಿ ಜೈಲಿಗೆ ಹೋಗಿ ಬಂದ ಒಬ್ಬ ಹುಡುಗ ನಮ್ಮ ಕ್ರೈಸ್ತ ಸಭೆಗೆ ಬರಲು ಶುರುಮಾಡಿದ. ಎಲ್ಲರೂ ಕೈಕುಲುಕಿದರು, ನಿನಗೋಸ್ಕರ ಪ್ರಾರ್ಥಿಸುತ್ತೇವೆ ಅಂದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಬಟ್ಟೆ, ಊಟ ಇಲ್ಲದವನಿಗೆ ಸಮಾಧಾನವಾಗಿ ಹೋಗು, ಬೆಚ್ಚಗಿರು ಅಂತ ಬಾಯಿಮಾತು ಹೇಳಿದರೆ ಏನು ಪ್ರಯೋಜನ ಅಂತ ಯಾಕೋಬ ತನ್ನ ಪತ್ರಿಕೆಯಲ್ಲಿ ಕೇಳುವುದು ಇದನ್ನೇ, ಅಲ್ವಾ? ನಾನು ಅವನನ್ನು ಸಹಾಯಕನಾಗಿ ಇಟ್ಟುಕೊಂಡೆ. ಹುಡುಗನನ್ನು ನಂಬಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವನ ಪರಿಚಯವೇ ನನಗೆ ಸರಿಯಾಗಿ ಇರಲಿಲ್ಲ. ಸೆರೆಯಲ್ಲಿದ್ದವರನ್ನು ನೋಡಲು ಹೋದದ್ದು ನನ್ನನ್ನೇ ನೋಡಲು ಬಂದ ಹಾಗೆ ಎಂದ ಯೇಸುವನ್ನು ನಂಬಿದೆ. ಮೊದಮೊದಲು ಕಚೇರಿಯ ಕೀ ಅವನ ಕೈಗೆ ಕೊಟ್ಟು ಬಂದ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಎದ್ದು ಪ್ರಾರ್ಥನೆ ಮಾಡುತ್ತಿದ್ದೆ. ಪ್ರಾರ್ಥನೆ ಅನ್ನುವುದಕ್ಕಿಂತ ದೂರು ಅನ್ನಬಹುದು.

ಹಾಗಂತ ಕಣ್ಣು ಮುಚ್ಚಿಕೊಂಡು ಹಾರುವುದೇ ನಂಬಿಕೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂತ ಹೇಳಿದ್ದು ಸೈತಾನ. ಅದಕ್ಕೆ ಅವನು 91ನೇ ಕೀರ್ತನೆಯ ಮಾತನ್ನೇ ಬಳಸಿಕೊಂಡ. ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದು ಅಂದ. ನೆಹೆಮೀಯ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟುವಾಗ ಪ್ರಾರ್ಥನೆಯನ್ನೂ ಮಾಡಿದ, ಹಗಲು ರಾತ್ರಿ ಕಾವಲನ್ನೂ ಇಟ್ಟ. ನಮ್ಮ ಸಭೆಗೆ ಒಂದು ಜಾಗ ಕೊಳ್ಳುವ ಮಾತು ಬಂದಾಗ ಒಬ್ಬರು, ದೇವರ ಕೆಲಸಕ್ಕೆ ಇಷ್ಟೆಲ್ಲ ಕಾಗದ ಯಾಕೆ, ನಂಬಿಕೆ ಇಲ್ವಾ ಅಂದರು. ಯೆರೆಮೀಯನ ಎರಡು ಪತ್ರಗಳನ್ನು ಓದಿ ಹೇಳಿದೆ. ಸುಮ್ನಾದರು.

ಜಾರ್ಜ್ ಮುಲ್ಲರ್ ಕೂಡ ಹಾಗೆಯೇ. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳಿಗೆ ಮನೆ ತೆರೆದವರು ಅವರು. ಯಾರ ಹತ್ತಿರವೂ ಹಣ ಕೇಳುವುದಿಲ್ಲ, ದೇವರನ್ನು ಮಾತ್ರ ಕೇಳುತ್ತೇನೆ ಅನ್ನುವುದು ಅವರ ನಿಯಮ. 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹತ್ತು ಸಾವಿರ ಮಕ್ಕಳು ಆ ಮನೆಗಳಲ್ಲಿ ಬೆಳೆದಿದ್ದರು. ಪ್ರವಚನಗಳಲ್ಲಿ ಈ ಪ್ರಾರ್ಥನೆಯ ಕಥೆ ಜಾಸ್ತಿ ಕೇಳುತ್ತೇವೆ. ಆದರೆ ಬಂದ ಹಣಕ್ಕೆ ಅವರು ಲೆಕ್ಕ ಇಟ್ಟು, ವರದಿಗಳಲ್ಲಿ ಅಚ್ಚು ಹಾಕಿಸುತ್ತಿದ್ದದ್ದನ್ನು ಯಾರೂ ಹೇಳುವುದಿಲ್ಲ. ನನ್ನಂಥವನಿಗೆ ಅದೇ ದೊಡ್ಡ ಸಾಕ್ಷಿ.

ನಮ್ಮ ಕಚೇರಿಯಲ್ಲೂ ಸಂಜೆ ನಾನೂ ಆ ಹುಡುಗನೂ ಕೂತು ದಿನದ ಹಣ ಎಣಿಸುತ್ತೇವೆ, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕುತ್ತೇವೆ. ಅವನಿಗೆ ಅದರಿಂದ ಬೇಸರವಾಗುತ್ತದೇನೋ ಅಂದುಕೊಂಡಿದ್ದೆ. ನಾಳೆ ಏನಾದರೂ ಕಾಣೆಯಾದರೆ ಮೊದಲು ನನ್ನ ಕಡೆಗೇ ನೋಡುತ್ತಾರಲ್ಲ ಸಾರ್, ಬರೆದಿದ್ದರೆ ಒಳ್ಳೆಯದು ಅಂದ. ಈಗ ಕರಡು ಪತ್ರಗಳನ್ನು ಅವನೇ ಬರೆಯುತ್ತಾನೆ. ಚೆಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಮಾತ್ರ ಆಗಾಗ ಅದಲುಬದಲು ಮಾಡುತ್ತಾನೆ, ಅದನ್ನು ತಿದ್ದಬೇಕು.